ಸೋಮವಾರದ ಐದು ನಿಮಿಷ

ಬೆಟಗೇರಿಯ ಕಲ್ಲಣ್ಣನಿಗೆ ಎರಡು ಹೆಮ್ಮೆ. ಒಂದು, ತಾನು ಕೈ ಹಾಕಿದ ಡೀಸೆಲ್ ಪಂಪು ಮತ್ತೆ ವರ್ಷಗಟ್ಟಲೆ ಕೆಮ್ಮುವುದಿಲ್ಲ ಎಂಬುದು. ಇನ್ನೊಂದು, ಈ ಸಂಗತಿಯನ್ನು ಊರೂರಿಗೆ ಹೇಳಿಕೊಂಡು ತಿರುಗುವ ತನ್ನ ಬಾಯಿ. ಹೆಮ್ಮೆ ಪಡುವಂಥದ್ದು ಮೊದಲನೆಯದು ಮಾತ್ರ. ಆದರೆ ಅದನ್ನು ಅವನ ಮುಖಕ್ಕೆ ಹೇಳುವ ಧೈರ್ಯ ಹೆಂಡತಿ ಅನ್ನವ್ವನನ್ನು ಬಿಟ್ಟರೆ ಗದಗ ಜಿಲ್ಲೆಯಲ್ಲಿ ಯಾರಿಗೂ ಇರಲಿಲ್ಲ.

ಪಂಪು ಎಂದರೆ ಬಾವಿಯಿಂದ ನೀರೆತ್ತುವ ಪಂಪಲ್ಲ ಮತ್ತೆ. ಡೀಸೆಲ್ ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡು ಕೂತಿರುವ, ಮೊಳದುದ್ದವೂ ಇಲ್ಲದ ಸಾಮಾನು ಅದು. ಟ್ಯಾಂಕಿಯಿಂದ ಇಳಿದ ಡೀಸೆಲ್ಲನ್ನು ಹನಿ ಹನಿ ಅಳೆದು, ಸರಿಯಾದ ಗಳಿಗೆಗೆ ಎಂಜಿನ್ನಿನ ಒಳಕ್ಕೆ ಚಿಮ್ಮಿಸುವುದು ಅದರ ಕೆಲಸ. ನಿಮಿಷಕ್ಕೆ ಒಂದೂವರೆ ಸಾವಿರ ಸುತ್ತು ತಿರುಗುವ ಎಂಜಿನ್ನಿಗೆ ಹನಿ ಹೆಚ್ಚಾದರೆ ಕರಿ ಹೊಗೆ, ಕಡಿಮೆಯಾದರೆ ಉಬ್ಬಸ. ಪಂಪಿನ ಒಳಗಿನ ಕೊಳವೆಗೂ ಅದರಲ್ಲಿ ಮೇಲೆ ಕೆಳಗೆ ಆಡುವ ಕಡ್ಡಿಗೂ ನಡುವೆ ತಲೆಗೂದಲು ಕೂಡ ತೂರುವುದಿಲ್ಲ. ಕಲ್ಲಣ್ಣ ನೇಕಾರರ ಮನೆಯವನು. ಅಪ್ಪನ ಕುಣಿಮಗ್ಗದಲ್ಲಿ ಕೂತು ಹರಿದ ಎಳೆಯನ್ನು ಕಣ್ಣು ಮುಚ್ಚಿ ಹುಡುಕುತ್ತಿದ್ದ ಬೆರಳುಗಳು ಅವನವು. ಮಗ್ಗ ಬಿಟ್ಟು ಗದಗಿನ ನಬಿಸಾಬರ ಅಂಗಡಿ ಸೇರಿದಾಗ ಆ ಬೆರಳುಗಳಿಗೆ ಬೇರೆ ಕೆಲಸ ಸಿಕ್ಕಿತು, ಅಷ್ಟೇ.

ನಬಿಸಾಬರು ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ ತಮ್ಮ ಪಕ್ಕಡವನ್ನು, ಎಂದರೆ ಸೀಲು ಒತ್ತುವ ಇಕ್ಕಳವನ್ನು, ಕಲ್ಲಣ್ಣನ ಕೈಗಿಟ್ಟರು. ಪಂಪನ್ನು ಹದಕ್ಕೆ ತಂದ ಮೇಲೆ ಅದರ ಸ್ಕ್ರೂಗಳಿಗೆ ತೆಳು ತಂತಿ ಪೋಣಿಸಿ, ತಂತಿಯ ತುದಿಗೆ ಸೀಸದ ಗುಂಡು ಹಾಕಿ ಒತ್ತುವ ಪಕ್ಕಡ ಅದು. ಒತ್ತಿದರೆ ಸೀಸದ ಮೇಲೆ 'ನ' ಎಂಬ ಅಕ್ಷರ ಮೂಡುತ್ತದೆ. ಆ ಸೀಲು ಒಡೆಯದೆ ಪಂಪನ್ನು ಯಾರೂ ಬಿಚ್ಚಲಾರರು. ಒಡೆದಿಲ್ಲವೆಂದರೆ ಒಳಗಿನದಕ್ಕೆಲ್ಲ ಸೀಲು ಒತ್ತಿದವನೇ ಜವಾಬ್ದಾರ. "ಇದು ನನ್ನ ಹೆಸರಲ್ಲೋ ಕಲ್ಲಣ್ಣ, ನನ್ನ ಮಾತು. ಸುಳ್ಳಿನ ಮ್ಯಾಲೆ ಒತ್ತಬ್ಯಾಡ" ಎಂದಿದ್ದರು ಉಸ್ತಾದರು. ಅವರು ತೀರಿಕೊಂಡು ಒಂಬತ್ತು ವರ್ಷವಾದರೂ ಕಲ್ಲಣ್ಣ ಅದರ ಮೇಲೆ ತನ್ನ ಅಕ್ಷರ ಕೆತ್ತಿಸಿಕೊಳ್ಳಲಿಲ್ಲ. ಎಲ್ಲದರಲ್ಲೂ ಬಾಯಿ ಜೋರಿದ್ದ ಮನುಷ್ಯ ಆ ಪಕ್ಕಡದ ವಿಷಯ ಬಂದರೆ ಮಾತ್ರ ಮೆತ್ತಗಾಗುತ್ತಿದ್ದ.

ಇನ್ನು ಲಕ್ಷ್ಮೇಶ್ವರದ ಸಂಗತಿ ಕೇಳಿ.

ಅಲ್ಲಿ ಒಂದು ಮಂಗಲ ಕಾರ್ಯಾಲಯ. ಮದುವೆ, ಮುಂಜಿ, ಸೀಮಂತ, ಎಲ್ಲವೂ ಅಲ್ಲೇ. ನೋಡಿಕೊಳ್ಳುವವರು ರಾಮಚಂದ್ರರಾಯರು. ಸರಕಾರಿ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಸೇರಿ ಮೂವತ್ನಾಲ್ಕು ವರ್ಷ ಸವೆಸಿ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಕಾರ್ಯಾಲಯದ ಸೌಟುಗಳಿಗೊಂದು ರಜಿಸ್ಟರು, ಜಮಖಾನೆಗಳಿಗೊಂದು ರಜಿಸ್ಟರು, ಹಿತ್ತಿಲ ತೆಂಗಿನಮರಕ್ಕೂ ಒಂದು. ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಜನರೇಟರು ಇತ್ತು, ಕರೆಂಟು ಹೋದಾಗ ಮಾತ್ರ ಬೇಕಾಗುವಂಥದು. ಅದಕ್ಕೆ ಕೆಂಪು ರಟ್ಟಿನ ರಜಿಸ್ಟರು.

ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ರಾಯರು ಮನೆಯಲ್ಲಿ ತೇಯ್ದ ಗಂಧದ ಭರಣಿ ಹಿಡಿದು ಶೆಡ್ಡಿಗೆ ಬರುತ್ತಾರೆ. ಎಂಜಿನ್ನಿಗೆ ಗಂಧ ಮೆತ್ತಿ, ಕುಂಕುಮವಿಟ್ಟು, ಕೈ ಮುಗಿಯುತ್ತಾರೆ. ಆಮೇಲೆ ಹನಮಂತ ಚಾವಿ ತಿರುಗಿಸುತ್ತಾನೆ. ಹನಮಂತ ಎಂದರೆ ಕಾರ್ಯಾಲಯದ ವೈರ್‌ಮನ್, ನೀರು ಬಿಡುವವ, ಚಪ್ಪರ ಕಟ್ಟುವವ, ಎಲ್ಲವೂ ಅವನೇ. ನಲವತ್ತು ದಾಟಿದ, ಇಬ್ಬರು ಮಕ್ಕಳ ತಂದೆ, ಮಾತು ಬಲು ತುಟ್ಟಿ. ಎಂಜಿನ್ ಗುಡುಗುತ್ತಿರುವಾಗ ರಾಯರು ಕೈಗಡಿಯಾರ ನೋಡುತ್ತ ನಿಂತಿರುತ್ತಾರೆ. ಸರಿಯಾಗಿ ಐದು ನಿಮಿಷಕ್ಕೆ ಕೈ ಎತ್ತುತ್ತಾರೆ. "ಸಾಕು." ರಜಿಸ್ಟರಿನಲ್ಲಿ ಬರೆಯುತ್ತಾರೆ: 'ಹನ್ನೊಂದರಿಂದ ಹನ್ನೊಂದು ಗಂಟೆ ಐದು ನಿಮಿಷದವರೆಗೆ ಚಾಲನೆ. ಸುಸ್ಥಿತಿಯಲ್ಲಿದೆ.' ಕೆಳಗೆ ಸಹಿ.

ಆ ಐದು ನಿಮಿಷದಲ್ಲಿ ಎಂಜಿನ್ನಿಗೆ ಒಂದು ಬಲ್ಬಿನ ಭಾರವನ್ನೂ ಹೊರಿಸುವಂತಿಲ್ಲ. ಹನಮಂತ ಒಮ್ಮೆ, "ಒಂದೀಟ ಲೋಡ್ ಕೊಟ್ಟ ನೋಡೂಣೇನ್ರಿ?" ಎಂದಿದ್ದ.

"ಸುತ್ತೋಲೆಯೊಳಗ ಐದು ನಿಮಿಷ ಅಂತ ಅದ. ಲೋಡ್ ಅಂತ ಎಲ್ಲೂ ಇಲ್ಲ" ಎಂದರು ರಾಯರು.

ಆ ಸುತ್ತೋಲೆ ಬರೆದವರೂ ರಾಯರೇ, ಬಿಡಿ.

ದಸರಾಕ್ಕೆ ನಾಲ್ಕು ದಿನ ಮುಂಚೆ ಪಂಪಿನಿಂದ ಡೀಸೆಲ್ ಜಿನುಗತೊಡಗಿತು. ಬೆಟಗೇರಿಯಿಂದ ಕಲ್ಲಣ್ಣ ಬಂದ. ಪಂಪು ಬಿಚ್ಚಿ ಒಯ್ದು, ಎರಡು ದಿನ ಕೂತು ಹದ ಮಾಡಿ, ತಂದು ಜೋಡಿಸಿ, ಟಕ್ಕೆಂದು 'ನ' ಒತ್ತಿದ. ಕೈ ಒರೆಸಿಕೊಳ್ಳುತ್ತಿರುವಾಗ ರಾಯರು ಗಂಧದ ಭರಣಿ ಹಿಡಿದು ಪಂಪಿನ ಹತ್ತಿರ ಬಗ್ಗಿದ್ದನ್ನು ಕಂಡು ಹೌಹಾರಿದ.

"ಏ ಏ ರಾಯರ! ಏನ ನಡಸೀರಿ? ಇದಕ್ಕೇನ ಅರಿಷಿಣ ಎಣ್ಣಿ ಐತೇನ್ರಿ ಇವತ್ತ? ಬಿಚ್ಚಿ ತೊಳಿಯೂಮುಂದ ವರ್ಷಗಟ್ಲೆ ಮೆತ್ತಿದ ಗಂಧಾ ಕೆರದ ಕೆರದ ನನ್ನ ಉಗುರ ಸವದ್ವು. ಸೂಜಿ ಮೊನಿಯಷ್ಟ ಧೂಳ ಒಳಗ ಹೋದ್ರ ಪಂಪ ಸತ್ತಂಗ. ನನ್ನ ಸೀಲಿನ ಮ್ಯಾಲೆ ಕುಂಕುಮ ಗಿಂಕುಮ ಬಿತ್ತೋ, ಮತ್ತ ನಾ ಈ ಶೆಡ್ಡಿಗೆ ಕಾಲ ಇಡಂಗಿಲ್ಲ ನೋಡ್ರಿ!"

ರಾಯರು ಪಾಪ, ಭರಣಿಯನ್ನು ಎದೆಗವಚಿಕೊಂಡು ನಿಂತರು. "ಮತ್ತ ದಸರಾ ಪೂಜಾ ಎಲ್ಲೆ ಮಾಡ್ಲಿಕ್ಕೆ ಹೇಳ್ತೀರಿ? ಇಷ್ಟು ದೊಡ್ಡ ಯಂತ್ರ, ಹಂಗ ಬರೇ ಹಣಿಲೆ ಬಿಡ್ಲಿಕ್ಕೆ ಆಗ್ತದೇನ್ರಿ?"

"ಹಣಿ ಬೇಕ್ರ್ಯಾ? ಅಗಾ ಅಲ್ಲೈತಿ ನೋಡ್ರಿ, ಟ್ಯಾಂಕಿ ಮುಚ್ಚಳ. ಎತ್ತರದಾಗ ಐತಿ, ದುಂಡಗ ಐತಿ. ಅದಕ್ಕ ಹಚ್ರಿ ಎಷ್ಟ ಬೇಕಷ್ಟ. ನಮ್ಮ ಪಂಪಿನ ತಂಟೇಕ ಮಾತ್ರ ಬರಬ್ಯಾಡ್ರಿ" ಎಂದು ಕಲ್ಲಣ್ಣ ಚಹ ಕುಡಿದು ಗಾಡಿ ಹತ್ತಿದ. ದಾರಿಯಲ್ಲಿ ಮುಳಗುಂದ ದಾಟುವಷ್ಟರಲ್ಲಿ ಆ ಮಾತು ಅವನಿಗೆ ಮರೆತೇ ಹೋಗಿತ್ತು.

ದಸರಾ ಆಯಿತು, ದೀಪಾವಳಿ ಆಯಿತು. ಸೋಮವಾರ ಸೋಮವಾರ ಐದೈದು ನಿಮಿಷ ಎಂಜಿನ್ ಓಡಿತು. ಸುಸ್ಥಿತಿ, ಸುಸ್ಥಿತಿ, ಸುಸ್ಥಿತಿ.

ತುಳಸಿ ಲಗ್ನ ಮುಗಿದದ್ದೇ ಮದುವೆಗಳು ಶುರುವಾದವು. ಮೊದಲನೆಯದರಲ್ಲಿ ಹೆಣ್ಣು ಶಿರಹಟ್ಟಿಯದು, ಗಂಡು ಮುಂಡರಗಿಯದು. ಅಕ್ಷತೆ ಹಂಚುತ್ತಿರುವಾಗ ಕರೆಂಟು ಹೋಯಿತು. ರಾಯರಿಗೆ ಒಳಗೊಳಗೇ ಖುಷಿ. ಇಂಥ ಒಂದು ದಿನಕ್ಕೆಂದೇ ಅಲ್ಲವೇ ಅವರು ಇಷ್ಟು ಸೋಮವಾರ ಕೂಡಿಟ್ಟದ್ದು? ಹನಮಂತನಿಗೆ ಕಣ್ಸನ್ನೆ ಮಾಡಿದರು. ಎಂಜಿನ್ ಒಂದೇ ಏಟಿಗೆ ಎದ್ದಿತು. ಫ್ಯಾನು, ದೀಪ, ಮೈಕು, ಅಡುಗೆಮನೆಯ ಮಿಕ್ಸರು, ಎಲ್ಲ ಚಾಲೂ. ಬೀಗರು ರಾಯರ ಬೆನ್ನು ತಟ್ಟಿದರು.

ಹನ್ನೆರಡನೆಯ ನಿಮಿಷಕ್ಕೆ ಎಂಜಿನ್ ಒಮ್ಮೆ ತೇಗಿತು. ಎರಡು ಸಲ ಉಬ್ಬಸಪಟ್ಟಿತು. ನಿಂತಿತು. ಮಂಗಲಾಷ್ಟಕ ಅರ್ಧಕ್ಕೆ, ಚಟ್ನಿ ಅರ್ಧಕ್ಕೆ. ಬೆವರಿಗೆ ವರನ ಬಾಸಿಂಗ ಜಾರಿ ಮೂಗಿನ ಮೇಲೆ ಬಂತು. ಹುಡುಗಿಯ ಸೋದರತ್ತೆ ಕಳಕವ್ವ ಎಂಬವಳು ನಾಲ್ಕು ಮಂದಿಗೆ ಕೇಳುವ ಹಾಗೆ, "ಇವರ ಜನರೇಟರಕಿಂತ ನಮ್ಮ ಬೀಸಣಿಕಿ ಗಟ್ಟಿ ಐತಿ, ತರ್ರೆವಾ" ಎಂದಳು. ಹನಮಂತ ಡೀಸೆಲ್ ಎಳೆಯುವ ಕೈಪಂಪು ಒತ್ತಿ ಒತ್ತಿ ಮತ್ತೆ ಎಬ್ಬಿಸಿದ. ಐದಾರು ನಿಮಿಷ ಓಡಿ ಮತ್ತೆ ಮಲಗಿತು.

ಮಾರನೆಯ ದಿನ ಕಲ್ಲಣ್ಣ ನಲವತ್ತು ಕಿಲೋಮೀಟರು ಬಂದ. ಸೀಲು ನೋಡಿದ, ಒಡೆದಿರಲಿಲ್ಲ. ಟ್ಯಾಂಕಿಯ ಮುಚ್ಚಳದ ಮೇಲೆ ದಪ್ಪಗೆ ಗಂಧ ಮೆತ್ತಿದ್ದು ಕಂಡು, ಪರವಾಗಿಲ್ಲ, ರಾಯರು ಪಂಪನ್ನು ಮುಟ್ಟಿಲ್ಲ ಎಂದು ಸಂತೋಷಪಟ್ಟ. ಮುಚ್ಚಳ ತಿರುವಿ ತೆಗೆದು ಪಕ್ಕಕ್ಕಿಟ್ಟು, ಕಡ್ಡಿ ಇಳಿಬಿಟ್ಟು ಡೀಸೆಲ್ ಅಳೆದ, ಬೆರಳಿಗೆ ಹಚ್ಚಿ ಮೂಸಿದ. ಚೊಕ್ಕ ಡೀಸೆಲ್. ಪೈಪಿನಲ್ಲಿದ್ದ ಗಾಳಿ ಬಿಟ್ಟು ಚಾಲೂ ಮಾಡಿಸಿದ. ಪೂರ್ತಿ ಲೋಡಿನಲ್ಲಿ ಅರ್ಧ ತಾಸು ಓಡಿತು ಅಪ್ಪಾ, ಒಂದು ಕೆಮ್ಮಿಲ್ಲ, ಒಂದು ತೇಗಿಲ್ಲ!

"ನೋಡಿದ್ರ್ಯಾ ರಾಯರ? ಬಿಂಕದಕಟ್ಟಿ ಝೂದಾಗ ಊಟಾ ಹಾಕಾಂವ ಬಂದ್ರ ಪ್ರಾಣಿಗೋಳು ಎದ್ದ ನಿಲ್ಲತಾವಲ್ಲ, ಹಂಗ. ನನ್ನ ಗುರ್ತ ಐತಿ ಇದಕ್ಕ."

ಕಲ್ಲಣ್ಣ ಹೊರಟ ಮೇಲೆ ರಾಯರು ಮುಚ್ಚಳವನ್ನು ಬಿಗಿಯಾಗಿ ತಿರುವಿ, ಒರೆಸಿ, ಕೃತಜ್ಞತೆಯಿಂದ ಹೊಸದಾಗಿ ಗಂಧ ಮೆತ್ತಿದರು. ಎರಡು ದಿನ ಬಿಟ್ಟು ಒಂದು ಸೀಮಂತದಲ್ಲಿ ಎಂಜಿನ್ ಹನ್ನೆರಡನೆಯ ನಿಮಿಷಕ್ಕೆ ನಿಂತಿತು.

ಕಲ್ಲಣ್ಣ ಮತ್ತೆ ಬಂದ. ಓಡಿತು. ಹೋದ. ನಿಂತಿತು. ಮೂರನೆಯ ಸಲ ಕರೆ ಹೋಯಿತು. ಇಷ್ಟಾದರೆ ಊರಿನ ಬಾಯಿ ಸುಮ್ಮನಿರುತ್ತದೆಯೇ? ಕಲ್ಲಣ್ಣ ಪಂಪಿನೊಳಗೆ ಏನೋ ಕೀಲಿ ಇಟ್ಟಿದ್ದಾನೆ, ತಾನು ಬಂದರೆ ಮಾತ್ರ ಓಡುವ ಹಾಗೆ, ಎಂದು ಚಹದಂಗಡಿಯಲ್ಲಿ ಒಬ್ಬ ಹೇಳಿದ. ಲಕ್ಷ್ಮೇಶ್ವರದಲ್ಲಿ ಹುಟ್ಟಿದ ಮಾತು ಕಲ್ಲಣ್ಣ ಮತ್ತೆ ಗಾಡಿ ಹತ್ತುವ ಮೊದಲೇ ಬೆಟಗೇರಿ ಮುಟ್ಟಿತ್ತು.

ಮೂರನೆಯ ಭೇಟಿಯಲ್ಲಿ ರಾಯರೇ ಆ ಮಾತು ತೆಗೆದರು. "ಕಲ್ಲಣ್ಣ, ತಪ್ಪು ತಿಳೀಬ್ಯಾಡ್ರಿ. ನೀವು ಬಂದ್ರ ಓಡ್ತದ, ಹೋದ್ರ ನಿಲ್ತದ. ಪಂಪಿನೊಳಗ ಏನರ ಕರಾಮತ್ತು ಅದಯೇನು ಅಂತ ಜನಾ ಕೇಳ್ಲಿಕ್ಕತ್ತಾರ."

ಕಲ್ಲಣ್ಣನ ಕಿವಿಯವರೆಗೆ ಕೆಂಪೇರಿತು. ಉಸ್ತಾದರ ಅಕ್ಷರವಿದ್ದ ಪಂಪಿಗೆ ಕರಾಮತ್ತು ಎಂದರೆ! ಸಿಟ್ಟಿಗೆ ಏನಾದರೂ ಬೇಕಲ್ಲ ಕಚ್ಚಲು. ಎದುರಿಗೆ ಹನಮಂತ ನಿಂತಿದ್ದ.

"ನನ್ನ ಪಂಪಿಗೆ ಅನ್ನೂದ ಬಿಟ್ಟು ನಿಮ್ಮ ಮನಿ ಗಡಿಗಿ ನೋಡ್ಕೋರಿ! ಡೀಸೆಲ್ ಮಾರ್ಕೊಂಡು ಸೀಮಿಎಣ್ಣಿ ಸುರವಿದ್ರ ಎಂಜಿನ್ ನಿಲ್ಲದ ಕುಣೀತೈತೇನ್ರಿ? ಕೇಳ್ರಿ ಇವನ್ನ. ನಾ ಬರತೇನಂದ್ರ ಖರೆ ಡೀಸೆಲ್ ಹಾಕ್ತಾನ, ನಾ ಹೋಗೂದ ತಡಾ, ಶುರು!"

"ಕಾಕಾ..." ಎಂದ ಹನಮಂತ. ಮುಖ ಬೂದಿಯಾಯಿತು.

ರಾಯರು ಕನ್ನಡಕ ಸರಿ ಮಾಡಿಕೊಂಡರು. ಪಂಪು ಅಥವಾ ಡೀಸೆಲ್, ಎರಡರಲ್ಲಿ ಒಂದು. ಕಚೇರಿಯ ತಲೆಗೆ ಅದು ಬಹಳ ಹಿಡಿಸಿತು. ಬರುವ ಸೋಮವಾರ ಎಲ್ಲರೆದುರು ಒಂದು ತಾಸಿನ ಪರೀಕ್ಷೆ. ಪೂರ್ತಿ ಲೋಡು. ಕಲ್ಲಣ್ಣ ಹತ್ತು ಮಾರು ದೂರ ಕುರ್ಚಿಯ ಮೇಲೆ ಕೂರಬೇಕು, ಏನನ್ನೂ ಮುಟ್ಟುವಂತಿಲ್ಲ. ತಪ್ಪು ಡೀಸೆಲ್ಲಿನದಾದರೆ ಹನಮಂತ ಚಾವಿ ಕೊಟ್ಟು ಮನೆಗೆ ಹೋಗಬೇಕು.

"ಪಂಪಿಂದಾದ್ರ?" ರಾಯರು ಕೇಳಿದರು.

"ಎಂಜಿನ್ ನಿಂತದ್ದು ನನ್ನಿಂದಂತ ಆತಂದ್ರ, ಉಸ್ತಾದನ ಪಕ್ಕಡಾ ಇಲ್ಲೇ ಇಟ್ಟ ಹೋಗತೇನಿ. ಮತ್ತ ಈ ಜಲ್ಮದಾಗ ಸೀಲ್ ಒತ್ತಂಗಿಲ್ಲ. ಬರಕೋರಿ!"

ಬರಕೋರಿ ಎಂದರೆ ರಾಯರು ಬಿಟ್ಟಾರೆಯೇ? ಅಕ್ಷರ ಅಕ್ಷರ ಬರೆದುಕೊಂಡರು.

ಊಟಕ್ಕೆ ಕೂತಾಗ ಕಲ್ಲಣ್ಣ ಇದನ್ನೆಲ್ಲ ದೊಡ್ಡ ಪರಾಕ್ರಮದಂತೆ ಹೆಂಡತಿಗೆ ಹೇಳಿದ. ಅನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆ ಹನಮಂತ ಕದ್ದದ್ದ ನೀವ್ ನೋಡೀರೇನು?"

"ನೋಡಿಲ್ಲ."

"ಮೂರ ಸಲ ಮೂಸಿ ನೋಡಿದ್ರೆಲ್ಲ, ಏನಿತ್ತ ಟ್ಯಾಂಕ್ಯಾಗ?"

"ಡೀಸೆಲ್ ಇತ್ತ."

"ಮತ್ತ?"

ಕಲ್ಲಣ್ಣ ಝುಣಕದಲ್ಲಿ ಖಾರ ಹೆಚ್ಚಾಗಿದೆ ಎಂದು ಕೂಗಾಡಿ ಎದ್ದುಹೋದ. ಖಾರ ಹೆಚ್ಚಾಗಿರಲಿಲ್ಲ.

ಸೋಮವಾರ ಶೆಡ್ಡಿನ ಮುಂದೆ ಒಂದು ಸಣ್ಣ ಸಂತೆ. ಅಡುಗೆಯವರು, ಹೂವಿನವರು, ಅಕ್ಕಪಕ್ಕದವರು. ರಾಯರ ಹೆಂಡತಿ ಸರಸ್ವತಿಬಾಯಿ ಚಹದ ಕೆಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಲ್ಲಣ್ಣ ದೂರದ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂತ. ಜೇಬಿನಲ್ಲಿ ಪಕ್ಕಡ. ರಾಯರು ಅಂದು ವಿಶೇಷ ಶ್ರದ್ಧೆಯಿಂದ ಮುಚ್ಚಳಕ್ಕೆ ಗಂಧ ಮೆತ್ತಿದರು, ಕುಂಕುಮವಿಟ್ಟರು, ಮೇಲೊಂದು ಸೇವಂತಿಗೆ ಅಂಟಿಸಿದರು.

ಎಂಜಿನ್ ಎದ್ದಿತು. ಐದನೆಯ ನಿಮಿಷಕ್ಕೆ ರಾಯರ ಕೈ ರೂಢಿಯಂತೆ ಮೇಲೆ ಹೋಯಿತು, "ಸಾ..." ಎಂದು ಬಾಯಿಯೂ ತೆರೆಯಿತು. ಜನ ನಕ್ಕರು. ಕೈ ಇಳಿಸಿ ತಲೆ ಕೆರೆದುಕೊಂಡರು.

ಕಲ್ಲಣ್ಣ ನಗಲಿಲ್ಲ. ಇಷ್ಟು ದಿನ ಸದಾ ಎಂಜಿನ್ನಿನ ಮೈಮೇಲೆ ಬಿದ್ದು ಕೆಲಸ ಮಾಡಿದವನು, ಇಂದು ಮೊದಲ ಸಲ ದೂರ ಕೂತು ಬರೀ ಕೇಳುತ್ತಿದ್ದ. ಪಂಪಿನ ಟಕಟಕ ಸರಿಯಾಗಿದೆ. ನೋಜಲ್ಲುಗಳು ಸರಿಯಾಗಿವೆ. ಒಂಬತ್ತನೆಯ ನಿಮಿಷಕ್ಕೆ ಎಲ್ಲೋ ತಗಡು 'ಟಣ್' ಎಂದಿತು. ಯಾರ ಕಿವಿಗೂ ಅದು ಬೀಳಲಿಲ್ಲ. ಕಲ್ಲಣ್ಣನ ಕತ್ತು ಮಾತ್ರ ಟ್ಯಾಂಕಿಯ ಕಡೆ ತಿರುಗಿತು. ಹನ್ನೆರಡನೆಯ ನಿಮಿಷಕ್ಕೆ ತೇಗು, ಉಬ್ಬಸ, ಮೌನ.

ಗದ್ದಲವೆದ್ದಿತು. ಪಂಪು ಎಂದರು ಕೆಲವರು, ಡೀಸೆಲ್ ಎಂದರು ಕೆಲವರು. ರಾಯರು ಎರಡೂ ಕಡೆಯವರನ್ನು ಸುಮ್ಮನಾಗಿಸಲು ಹೋಗಿ ತಾವೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. ಕಲ್ಲಣ್ಣ ಬಾಯಲ್ಲಿನ ಎಲೆಯಡಿಕೆ ಉಗುಳುವವನಂತೆ ಎದ್ದು ಶೆಡ್ಡಿನ ಹಿಂಬದಿಗೆ ಬಂದ. ಟ್ಯಾಂಕಿಯ ಮೇಲೆ ಕೈಯಿಟ್ಟ. ಅದರ ಪಕ್ಕೆ, ಮಾವಿನಹಣ್ಣು ಚೀಪುವ ಅಜ್ಜನ ಗಲ್ಲದ ಹಾಗೆ ಒಳಕ್ಕೆ ಹೋಗಿತ್ತು. ಮುಚ್ಚಳವನ್ನು ಮೆಲ್ಲಗೆ ತಿರುವಿದ. ಸೂಂ ಎಂದು ಗಾಳಿ ಒಳನುಗ್ಗಿತು. ಡಬ್ಬೆಂದು ಪಕ್ಕೆ ಹೊರಬಂತು.

ಅಯ್ಯೋ ಶಿವನೇ, ಎಂದುಕೊಂಡ ಕಲ್ಲಣ್ಣ.

ಮುಚ್ಚಳದ ನಡುವೆ ಒಂದು ತೂತು ಇರುತ್ತದೆ, ಸಾಸಿವೆ ಕಾಳಿನಷ್ಟು. ಟ್ಯಾಂಕಿಯಿಂದ ಡೀಸೆಲ್ ಇಳಿದಷ್ಟೂ ಆ ತೂತಿನಿಂದ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಡೀಸೆಲ್ ಇಳಿಯುವುದಿಲ್ಲ. ಎಂಜಿನ್ ಬಾಯಾರಿ ನಿಲ್ಲುತ್ತದೆ. ಆ ತೂತಿನ ಮೇಲೆ ಈಗ ಸೋಮವಾರ ಸೋಮವಾರ ಮೆತ್ತಿ ಒಣಗಿದ ಗಂಧ ಗಾರೆಯ ಹಾಗೆ ಕೂತಿತ್ತು. ಖಾಲಿ ಓಡುವ ಐದು ನಿಮಿಷಕ್ಕೆ ಎಂಜಿನ್ ಕುಡಿಯುವುದು ಗುಟುಕಷ್ಟೇ, ತಿಳಿಯಲಿಲ್ಲ. ಕಲ್ಲಣ್ಣ ಬಂದಾಗಲೆಲ್ಲ ಮುಚ್ಚಳ ತೆಗೆದು ಪಕ್ಕಕ್ಕಿಡುತ್ತಿದ್ದ, ಓಡಿತು. ಅವನು ಹೋದ ಮೇಲೆ ರಾಯರು ಬಿಗಿದು ಗಂಧ ಹಚ್ಚುತ್ತಿದ್ದರು, ನಿಂತಿತು. ಕೆಲಸ ಕಲಿಯಲು ಸೇರಿದ ಮೊದಲ ವಾರವೇ ಎಲ್ಲರೂ ಕಲಿಯುವ ಸಂಗತಿ ಇದು. ಕಲ್ಲಣ್ಣನಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವನು ಪಂಪಿನವನು. ಟ್ಯಾಂಕಿ, ಮುಚ್ಚಳ ಮುಂತಾದ ಚಿಲ್ಲರೆ ವಿಷಯಗಳಿಗೆ ತಲೆ ಹಾಕುವ ಮನುಷ್ಯನಲ್ಲ.

ಆಮೇಲೆ ನೆನಪಾಯಿತು. 'ಅದಕ್ಕ ಹಚ್ರಿ ಎಷ್ಟ ಬೇಕಷ್ಟ.' ಹೇಳಿದ್ದು ಯಾರು? ತಾನೇ.

ಸುತ್ತ ನೋಡಿದ. ಯಾರೂ ಇತ್ತ ನೋಡುತ್ತಿಲ್ಲ. ಹೆಬ್ಬೆರಳ ಉಗುರಿನಿಂದ ಗಂಧವನ್ನು ಕೆರೆದು, ತೂತಿಗೆ ಉಫ್ ಎಂದು ಊದಿ, ಮುಚ್ಚಳವನ್ನು ಮೊದಲಿನಂತೆ ಹಾಕಿ, ಸೇವಂತಿಗೆಯನ್ನು ಸ್ವಲ್ಪ ಪಕ್ಕಕ್ಕೆ ಅಂಟಿಸಿ, ಮುಂದಕ್ಕೆ ಬಂದ.

"ಏನ ಕಿರಚಾಡತೀರೋ? ಇನ್ನೊಮ್ಮಿ ಚಾಲೂ ಮಾಡ್ರಿ, ನೋಡೂಣು."

ಎಂಜಿನ್ ಎದ್ದಿತು. ಹನ್ನೆರಡು ನಿಮಿಷ ದಾಟಿತು, ಇಪ್ಪತ್ತು, ನಲವತ್ತು, ಒಂದು ತಾಸು. ಅಡುಗೆಯವರು ಚಪ್ಪಾಳೆ ಹೊಡೆದರು. ಚಹದಂಗಡಿಯವನು ಮೊದಲಿನಿಂದಲೂ ತನಗೆ ಗೊತ್ತಿತ್ತೆಂದ.

"ಏನಾಗಿತ್ರಿ ಕಲ್ಲಣ್ಣ?" ರಾಯರು ಕೇಳಿದರು.

"ಗಾಳಿ" ಎಂದ ಕಲ್ಲಣ್ಣ. ಅದು ಸುಳ್ಳಂತೂ ಅಲ್ಲ.

"ಅಂದ್ರ ಪಂಪು ಸರಿ ಅದ."

"ಪಂಪ ಮುತ್ತಿನಂಗ ಐತಿ."

"ಹಂಗಾದ್ರ ತಪ್ಪು ಡೀಸೆಲ್ಲಿಂದ ಆತು" ಎಂದು ರಾಯರು ನಿಟ್ಟುಸಿರು ಬಿಟ್ಟರು. ಅದೇ ಡೀಸೆಲ್ಲಿನಲ್ಲಿ ಈಗಷ್ಟೇ ಒಂದು ತಾಸು ಓಡಿದ್ದು ಅವರ ಲೆಕ್ಕಕ್ಕೆ ಬರಲಿಲ್ಲ, ರಜಿಸ್ಟರಿನಲ್ಲಿದ್ದದ್ದು ಎರಡೇ ಕಾರಣ. "ಹನಮಂತಾ, ನನಗೂ ಸಂಕಟ ಆಗ್ತದಪಾ. ಆದ್ರ ಬರದದ್ದು ಬರದಾಗೇದ."

ಹನಮಂತ ವಾದ ಮಾಡಲಿಲ್ಲ. ಉಡದಾರಕ್ಕೆ ಕಟ್ಟಿದ್ದ ಚಾವಿ ಗೊಂಚಲು ಬಿಚ್ಚಿ ರಜಿಸ್ಟರಿನ ಪಕ್ಕ ಇಟ್ಟ. "ಶೆಡ್ಡಿನ ಕೀಲಿ ಬಿಗಿ ಐತ್ರಿ" ಎಂದ. "ಮೊದಲ ಒಂದೀಟ ಎಡಕ್ಕ ತಿರವಿ ಆಮ್ಯಾಲೆ ಬಲಕ್ಕ ತಿರವ್ರಿ. ಇಲ್ಲಂದ್ರ ಚಾವಿ ಮುರೀತೈತಿ."

ಕಲ್ಲಣ್ಣ ನೆಲ ನೋಡಿದ. ಗೆದ್ದವನಿಗೆ ಇಷ್ಟು ನಾಚಿಕೆ ಯಾಕಾಗಬೇಕು?

ಅಷ್ಟಕ್ಕೇ ಮುಗಿದಿದ್ದರೆ ಅವನು ಆ ನಾಚಿಕೆಯನ್ನೂ ನುಂಗಿ ಮನೆಗೆ ಹೋಗುತ್ತಿದ್ದನೋ ಏನೋ. ಆದರೆ ರಾಯರಿಗೆ ಯಾವ ಕೆಲಸವೂ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ರಜಿಸ್ಟರಿನಲ್ಲಿ ದುಂಡಗೆ ಬರೆದರು: 'ಪಂಪು ನಿರ್ದೋಷಿ. ಡೀಸೆಲ್ ಕಲಬೆರಕೆ. ಹನಮಂತನನ್ನು ಕೆಲಸದಿಂದ ಬಿಡಿಸಲಾಗಿದೆ.' ಹಾಳೆಯ ಅಂಚಿಗೆ ತೂತು ಹೊಡೆದು ದಾರ ಪೋಣಿಸಿ ಕಲ್ಲಣ್ಣನ ಮುಂದಿಟ್ಟರು.

"ಇದಕ್ಕ ನಿಮ್ಮ ಸೀಲ್ ಒತ್ತಿಬಿಡ್ರಿ. ದಾಖಲಾಗ್ಲಿ."

ಕಲ್ಲಣ್ಣ ಪಕ್ಕಡ ತೆಗೆದ. ಸೀಸದ ಗುಂಡನ್ನು ದಾರಕ್ಕೆ ಹಾಕಿದ, ಪಕ್ಕಡದ ಬಾಯಿಗೆ ಕೊಟ್ಟ. ಸಾವಿರ ಸಲ ಒತ್ತಿದ ಕೈ. ಒತ್ತಬೇಕು, ಅಷ್ಟೇ. ಹೆಬ್ಬೆರಳ ಉಗುರಿನೊಳಗಿನ ಗಂಧ ಮೂಗಿಗೆ ಘಮ್ಮೆಂದು ಬಡಿಯಿತು. ಕೈ ಮುಂದುವರಿಯಲಿಲ್ಲ. ಜನ ಕಾಯುತ್ತಿದ್ದರು.

"ಥೂ ನನ್ನ!" ಎಂದು ಕಲ್ಲಣ್ಣ ಪಕ್ಕಡವನ್ನು ಮೇಜಿನ ಮೇಲೆ ಇಟ್ಟುಬಿಟ್ಟ. "ಆ ಹಾಳಿ ಹರೀರಿ ರಾಯರ. ಡೀಸೆಲ್ ಚೊಕ್ಕ ಐತಿ. ಮೊದ್ಲಿಂದ ಚೊಕ್ಕ ಇತ್ತು, ಮೂರ ಸಲ ಮೂಸೇನಿ ನಾನು. ಎಂಜಿನ್ ನಿಂತದ್ದು ನನ್ನಿಂದ."

ಮುಚ್ಚಳ ತಂದು ಎಲ್ಲರ ಮುಂದೆ ಹಿಡಿದ. ತೂತು ತೋರಿಸಿದ, ಗಂಧ ತೋರಿಸಿದ, ಉಗುರು ತೋರಿಸಿದ. ದಸರಾಕ್ಕೆ ಮೊದಲು ತಾನು ಆಡಿದ ಮಾತನ್ನೂ, ಈಗಷ್ಟೇ ಹಿಂಬದಿಗೆ ಹೋಗಿ ಮಾಡಿದ ಕಳ್ಳತನವನ್ನೂ ಹೇಳಿದ. ರಾಯರ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಅರಿವು, ಆಮೇಲೆ ದೊಡ್ಡ ಗಾಬರಿ.

"ಅಂದ್ರ... ನನ್ನ ಗಂಧ?"

"ಹಚ್ಚಿದವ್ರು ನೀವು. ಹಚ್ಚಿಸಿದಾಂವ ನಾನು."

ಮೊದಲು ನಕ್ಕವರು ಸರಸ್ವತಿಬಾಯಿ. ಕೆಟಲಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮನಿ ತಿಜೋರಿ ಕೀಲಿಕಿಂಡಿನೂ ಇವರು ಹೀಂಗ ಮುಚ್ಚ್ಯಾರ್ರೀ! ದೀಪಾವಳಿಯಿಂದ ನನ್ನ ಬಂಗಾರ ಒಳಗ ಕೂತದ!"

ಇಡೀ ಶೆಡ್ಡು ನಕ್ಕಿತು. ನಗು ಇಳಿದ ಮೇಲೂ ಪಕ್ಕಡ ಮೇಜಿನ ಮೇಲೇ ಇತ್ತು. ಕಲ್ಲಣ್ಣ ಅದನ್ನು ನೋಡಲಾರದೆ ನೋಡುತ್ತಿದ್ದ.

"ಬರಕೋರಿ ಅಂದಿದ್ದೆ, ಬರಕೊಂಡೀರಿ. ಪಕ್ಕಡಾ ಇಟ್ಟೇನಿ." ಎಂದ ಕಲ್ಲಣ್ಣ. "ಆದ್ರ ನಿಮ್ಮ ಕೈಯಾಗ ಕೊಡಂಗಿಲ್ಲ ರಾಯರ. ನಾ ಕಳ್ಳ ಅಂದದ್ದು ಹನಮಂತಗ. ಇದನ್ನ ಏನ ಮಾಡ್ಬೇಕಂತ ಅಂವಾ ಹೇಳ್ಲಿ."

ಎಲ್ಲರೂ ಹನಮಂತನ ಕಡೆ ತಿರುಗಿದರು. ಹನಮಂತ ಮೊದಲು ಚಾವಿ ಗೊಂಚಲನ್ನು ಎತ್ತಿ ಉಡದಾರಕ್ಕೆ ಕಟ್ಟಿಕೊಂಡ. ಅವಸರವಿರಲಿಲ್ಲ ಅವನಿಗೆ. ಆಮೇಲೆ ಪಕ್ಕಡ ತೆಗೆದುಕೊಂಡ, ತೂಗಿ ನೋಡಿದ. ರಾಯರ ಗಂಧದ ಭರಣಿಯನ್ನು ಹತ್ತಿರಕ್ಕೆಳೆದು, ಅದರ ಮುಚ್ಚಳದ ಸುತ್ತ ತಂತಿ ಬಿಗಿದು, ಸೀಸದ ಗುಂಡು ಹಾಕಿ, ಟಕ್ಕೆಂದು ಒತ್ತಿದ. ಭರಣಿಯ ಕೊರಳಲ್ಲಿ 'ನ' ತೂಗಾಡಿತು.

"ಇನ್ನ ಎಂಜಿನ್ನಿಗೆ ದೂರದಿಂದ ಕೈ ಮುಗೀರಿ ರಾಯರ" ಎಂದ. "ಸೋಮವಾರ ಐದ ನಿಮಿಷ ಅಲ್ಲ. ಲೋಡ್ ಕೊಟ್ಟು ಒಂದ ತಾಸು."

ಸುತ್ತೋಲೆ ತಿದ್ದಲು ರಾಯರು ಆಗಲೇ ಪೆನ್ನು ತೆಗೆದಿದ್ದರು.

"ಕಾಕಾ, ಪಕ್ಕಡಾ ಯುಗಾದಿ ತನಕಾ ನನ್ನ ಹತ್ರ ಇರ್ಲಿ. ನೀವು ಪಂಪ ಮಾಡ್ರಿ, ಯಾರ ಬ್ಯಾಡ ಅಂತಾರ? ಸೀಲ್ ಒತ್ತಾಕ ಮಾತ್ರ ಇಲ್ಲಿಗೆ ಬರ್ರಿ."

"ನಲವತ್ತ ಕಿಲೋಮೀಟರ್ ಐತಲ್ಲೋ ಹನಮಾ!"

"ಹೌದ್ರಿ" ಎಂದ ಹನಮಂತ. "ನೀವು ಮೂರ ಸಲ ಸುಮ್ಮನ ಬಂದೀರಿ. ರೂಢಿ ಐತಿ."

ಮರುಸೋಮವಾರ ಕಲ್ಲಣ್ಣ ಕೋಟುಮಚಗಿಯ ಟ್ರ್ಯಾಕ್ಟರಿನದೊಂದು ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಎಂಜಿನ್ ಪೂರ್ತಿ ಲೋಡಿನಲ್ಲಿ ಗುಡುಗುತ್ತಿತ್ತು. ತಾಸು ಮುಗಿದು, ರಜಿಸ್ಟರಿನಲ್ಲಿ ಸಹಿ ಮಾಡಿ ಬಂದ ಹನಮಂತ ಪಂಪಿನ ಸ್ಕ್ರೂಗಳಿಗೆ ತಂತಿ ಪೋಣಿಸಿದ, ಸೀಸ ಹಾಕಿದ, ಪಕ್ಕಡ ಹಿಡಿದ. ಒತ್ತುವ ಮುಂಚೆ ತಲೆ ಎತ್ತಿದ.

"ಎಲ್ಲಾ ಖರೆ ಐತಲ್ಲ ಕಾಕಾ? ಒತ್ತಲಿ?"

ಮೂವತ್ತು ವರ್ಷದಲ್ಲಿ ಕಲ್ಲಣ್ಣನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. 'ಕಲ್ಲಣ್ಣನ ಕೈ ಅಂದ್ರ ಏನಂತ ತಿಳಕೊಂಡೀ?' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ನುಂಗಿದ.

"ತಡಿ" ಎಂದು ಜೇಬಿನಿಂದ ಕನ್ನಡಕ ತೆಗೆದ. "ಇನ್ನೊಮ್ಮಿ ನೋಡತೇನಿ."